ಮಡಿಕೇರಿ ಆಕಾಶವಾಣಿಯ ಫೋನ್-ಇನ್ ಮತ್ತು ಚರ್ಚೆಗಳು: ಬಹುಕಾಲದ ಕೇಳುಗರ ವಿಮರ್ಶೆ

ಕೊಡಗಿನ ಸುದ್ದಿ ಬೇಕೆಂದರೆ ಈಗ ದಾರಿಗಳಿಗೇನೂ ಬರವಿಲ್ಲ. ಬೆಳಗ್ಗೆ ಪತ್ರಿಕೆ ಬರುತ್ತದೆ, ಊರೂರಿಗೊಂದು ವಾಟ್ಸಾಪ್ ಗುಂಪಿದೆ, ಯೂಟ್ಯೂಬ್ ಚಾನೆಲ್‌ಗಳಂತೂ ಲೆಕ್ಕಕ್ಕಿಲ್ಲ. ಹೀಗಿದ್ದೂ 103.1 ಮೆಗಾಹರ್ಟ್ಸ್‌ನ ಮಡಿಕೇರಿ ಆಕಾಶವಾಣಿಗೆ ತನ್ನದೇ ಒಂದು ಕೆಲಸ ಉಳಿದಿದೆ. ಇಲಾಖೆಯವರೋ ವಿಜ್ಞಾನಿಗಳೋ ವೈದ್ಯರೋ ಮೈಕಿನ ಮುಂದೆ ಕೂತು, ಜಿಲ್ಲೆಯೆಲ್ಲ ಕೇಳಿಸಿಕೊಳ್ಳುತ್ತಿರುವಾಗ, ಕರೆ ಮಾಡಿದವರಿಗೆ ಉತ್ತರ ಹೇಳಬೇಕು. ಪತ್ರಿಕಾ ಹೇಳಿಕೆಯಲ್ಲಿ ಈ ಇಕ್ಕಟ್ಟಿಲ್ಲ. ಈ ವಿಮರ್ಶೆ ಅಂಥ ಫೋನ್-ಇನ್, ಸಂದರ್ಶನ, ಚರ್ಚೆಗಳ ಬಗ್ಗೆ ಮಾತ್ರ. ಚಿತ್ರಗೀತೆಗಳ ಬಗ್ಗೆ ಅಲ್ಲ. ಬಿಸಿಬಿಸಿ ಸುದ್ದಿ, ರಾಜಕೀಯ ಜಟಾಪಟಿ ಬೇಕಿದ್ದವರು ಬೇರೆ ಕಡೆ ಹೋಗುವುದೇ ಲೇಸು.

ಎಲ್ಲಾ ವಿಷಯಗಳೂ ಒಂದೇ ಮಟ್ಟದಲ್ಲಿ ಬರುವುದಿಲ್ಲ. ಮೊದಲ ಸ್ಥಾನ ಕಾಫಿ, ಕರಿಮೆಣಸು, ಏಲಕ್ಕಿಯ ಮಾತುಕತೆಗಳಿಗೆ. ಇದಕ್ಕೆ ಕಾರಣ ಜಿಲ್ಲೆಯ ಅದೃಷ್ಟ ಎನ್ನಬಹುದು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಮತ್ತು ತೋಟಗಾರಿಕಾ ಪ್ರಯೋಗ ಕೇಂದ್ರ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ತಜ್ಞರಿಗಾಗಿ ಘಟ್ಟ ಇಳಿಯಬೇಕಾಗಿಲ್ಲ. ಅವರಿಗೂ ತಾವು ಮಾತಾಡುತ್ತಿರುವ ಮಣ್ಣು, ಇಳಿಜಾರು, ನೆರಳಿನ ಮರ ಎಲ್ಲ ಗೊತ್ತು. ಬೆಂಗಳೂರಿನಿಂದ ಬರುವ ಕೃಷಿ ಕಾರ್ಯಕ್ರಮ ಎಷ್ಟೇ ಚೆನ್ನಾಗಿದ್ದರೂ ರೊಬಸ್ಟಾ ಕಾಫಿ ಗಿಡಕ್ಕೆ ಹೂವರಳಿಸುವ ಹೂಮಳೆ ಬಿದ್ದು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ (ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ) ಬಾರದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಆದರೆ ಉತ್ತರದ ಗುಣಮಟ್ಟ ಅರ್ಧಕ್ಕರ್ಧ ಕೇಳುವವರ ಕೈಯಲ್ಲಿದೆ. ‘ಮೆಣಸಿನ ಬಳ್ಳಿ ಒಣಗ್ತಾ ಇದೆ ಸರ್, ಏನು ಮಾಡೋದು?’ ಎಂದು ಕೇಳಿದರೆ ತಜ್ಞರು ಮೊದಲ ಎರಡು ನಿಮಿಷವನ್ನು ಮರುಪ್ರಶ್ನೆಗೇ ಕಳೆಯುತ್ತಾರೆ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ ಬಂದು ಕೆಲವೇ ದಿನದಲ್ಲಿ ಎಲೆ, ಗಂಟು ಉದುರಿದರೆ ಅದು ಶೀಘ್ರ ಸೊರಗು ರೋಗ. ಮಳೆ ನಿಂತ ಮೇಲೆ ನಿಧಾನವಾಗಿ ಹಳದಿಯಾಗುತ್ತ ಹೋದರೆ ಬೇರಿನ ಜಂತುಹುಳು ಸೇರಿದ ನಿಧಾನ ಸೊರಗು. ಎರಡಕ್ಕೂ ಮದ್ದು ಬೇರೆ. ಹಾಗಾಗಿ ಕರೆ ಮಾಡುವ ಮುಂಚೆ ನಾಲ್ಕು ಸಂಗತಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಊರು ಮತ್ತು ಹೋಬಳಿ, ಲಕ್ಷಣ ಶುರುವಾಗಿ ಎಷ್ಟು ದಿನ, ಎಷ್ಟು ಬಳ್ಳಿಗೆ ತಗುಲಿದೆ, ಈವರೆಗೆ ಏನು ಹೊಡೆದಿದ್ದೀರಿ. ಮೂವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದು. ಉಳಿದ ಹೊತ್ತೆಲ್ಲ ಉತ್ತರಕ್ಕೆ ಸಿಗುತ್ತದೆ.

ಉತ್ತರ ಬರೆದುಕೊಳ್ಳುವುದೂ ಒಂದು ಕೆಲಸವೇ. ರೇಡಿಯೋದಲ್ಲಿ ಹಿಂದಕ್ಕೆ ತಿರುಗಿಸುವ ಗುಂಡಿ ಇಲ್ಲ. ‘ಶೇಕಡಾ ಒಂದರ ಬೋರ್ಡೋ’ ಎಂದು ತಜ್ಞರು ಒಂದೇ ಉಸಿರಿಗೆ ಹೇಳಿ ಮುಂದೆ ಹೋಗುತ್ತಾರೆ. ಬೋರ್ಡೋ ಎಂದರೆ ಶಿಲೀಂಧ್ರ ರೋಗಕ್ಕೆ ಹೊಡೆಯುವ ದ್ರಾವಣ. ಶೇಕಡಾ ಒಂದು ಎಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಕಮ್ಮಿಯಾಗಿದೆ ಎಂದರ್ಥ. ಇವನ್ನೆಲ್ಲ ಪ್ರತಿ ಸಲ ಬಿಡಿಸಿ ಹೇಳಲು ಅವರಿಗೆ ಪುರುಸೊತ್ತಿಲ್ಲ. ಕೇಳುಗರಿಗೆ ಗೊತ್ತಿದೆ ಎಂದೇ ಹಿಡಿದು ಮಾತಾಡುತ್ತಾರೆ. ಹೊಸದಾಗಿ ತೋಟ ಹಿಡಿದವರಿಗೆ ಇದು ತೊಡಕು. ನಿರೂಪಕರು ನಡುವೆ ಬಾಯಿ ಹಾಕಿ ‘ಸ್ವಲ್ಪ ಅಳತೆ ಹೇಳಿ ಸರ್’ ಎನ್ನುವ ಕಂತುಗಳೇ ಹೆಚ್ಚು ಉಪಯೋಗಕ್ಕೆ ಬರುವುದು. ಒಳ್ಳೆಯ ನಿರೂಪಕರನ್ನು ಗುರುತಿಸಲು ಇದೊಂದೇ ಲಕ್ಷಣ ಸಾಕು.

ಮಳೆ ಲೆಕ್ಕದಲ್ಲೂ ಇಂಥದೇ ಒಂದು ಅಡಚಣೆ. ತೋಟದವರ ಬಾಯಲ್ಲಿ ಮಳೆ ಇಂಚು, ಸೆಂಟಿನಲ್ಲಿ. ಇಲಾಖೆಯ ಪಟ್ಟಿಯಲ್ಲಿ ಮಿಲಿಮೀಟರಿನಲ್ಲಿ. 25.4 ಮಿ.ಮೀ. ಒಂದಿಂಚು, ಇಂಚಿಗೆ ನೂರು ಸೆಂಟು. ‘ಹೋಬಳಿಯಲ್ಲಿ 64 ಮಿ.ಮೀ.’ ಎಂದು ಕೇಳಿಸಿದರೆ ಎರಡೂವರೆ ಇಂಚು ಎಂದುಕೊಳ್ಳಿ. ಹೋಬಳಿಯ ಅಂಕಿ ನಿಮ್ಮ ತೋಟದ ಅಂಕಿ ಅಲ್ಲ ಎನ್ನುವುದನ್ನು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ.

ಆನೆ ವಿಷಯದ ಚರ್ಚೆಗಳು ಇಷ್ಟು ಫಲ ಕೊಡುವುದಿಲ್ಲ. ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ಬೇಲಿ ಎಂಬ ಮೂರು ಮಾತು ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ. ಸಿದ್ದಾಪುರ, ತಿತಿಮತಿ ಕಡೆಯ ಕೇಳುಗರ ಸಿಟ್ಟು ನ್ಯಾಯವಾದದ್ದೇ, ಆದರೆ ಸ್ಟುಡಿಯೋದಲ್ಲಿ ಕೂತ ಒಬ್ಬರು ಅಧಿಕಾರಿಗೆ ‘ಆನೆ ಯಾವಾಗ ಓಡಿಸ್ತೀರಿ?’ ಎಂದರೆ ಅವರು ಕೊಡಬಲ್ಲದ್ದು ಸಮಾಧಾನದ ಮಾತು ಮಾತ್ರ. ಅದರ ಬದಲು ‘ಬೆಳೆಹಾನಿ ಅರ್ಜಿ ಯಾವ ವಲಯ ಕಚೇರಿಗೆ ಕೊಡಬೇಕು, ಫೋಟೋ ಯಾವ ರೀತಿ ಇರಬೇಕು, ಸ್ಥಳ ಪರಿಶೀಲನೆಗೆ ಯಾರು ಬರುತ್ತಾರೆ, ಪಹಣಿ ತಂದೆಯ ಹೆಸರಲ್ಲೇ ಇದ್ದರೆ ಏನು ಮಾಡಬೇಕು’ ಎಂದು ಕೇಳಿದವರಿಗೆ ಸ್ಪಷ್ಟ ಉತ್ತರ ಸಿಗುತ್ತದೆ. ಕಂದಾಯದ ಪ್ರಶ್ನೆಗಳಿಗೂ ಇದೇ ಸೂತ್ರ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ), ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ), ಪೋಡಿ (ಜಮೀನಿನ ಅಳತೆ ಮಾಡಿ ಬೇರ್ಪಡಿಸುವುದು) ವಿಷಯದಲ್ಲಿ ಸ್ವಂತ ಮನೆಯ ಜಗಳವನ್ನು ಬಿಚ್ಚಿಟ್ಟರೆ ‘ದಾಖಲೆ ಸಮೇತ ಕಚೇರಿಗೆ ಬನ್ನಿ’ ಎಂಬ ಉತ್ತರವೇ ಗತಿ. ಕ್ರಮ ಏನು, ಎಷ್ಟನೇ ನಮೂನೆ, ಯಾರ ಸಹಿ ಎಂದು ಕೇಳಿದರೆ ಹತ್ತಾರು ಮನೆಗೆ ಉಪಯೋಗ. ಸರ್ವೆ ನಂಬರು, ಆಧಾರ್ ಸಂಖ್ಯೆಯನ್ನು ನೇರ ಪ್ರಸಾರದಲ್ಲಿ ಹೇಳಲೇಬೇಡಿ.

ಹೆಸರು ಹಿಡಿದು ಬೈಯಲು ಬಿಡುವುದಿಲ್ಲ, ಕರೆ ಕಡಿದುಬಿಡುತ್ತಾರೆ ಎಂದು ಗೊಣಗುವವರಿದ್ದಾರೆ. ಇದಕ್ಕೆ ನಿರೂಪಕರ ಅಂಜಿಕೆ ಕಾರಣವಲ್ಲ. ಆಕಾಶವಾಣಿಗೆ ತನ್ನದೇ ಪ್ರಸಾರ ಸಂಹಿತೆ ಇದೆ. ರಾಜಕೀಯ ಪಕ್ಷವೊಂದನ್ನು ಹೆಸರಿಸಿ ಟೀಕಿಸುವುದು, ಧರ್ಮ ಸಮುದಾಯಗಳ ಮೇಲೆ ದಾಳಿ, ಮಾನಹಾನಿ, ನ್ಯಾಯಾಲಯದ ಘನತೆಗೆ ಕುಂದು ತರುವ ಮಾತು ಅದರಲ್ಲಿ ನಿಷಿದ್ಧ. ಚುನಾವಣೆ ಘೋಷಣೆಯಾಗಿ ಮಾದರಿ ನೀತಿ ಸಂಹಿತೆ ಬಂದರೆ ಇನ್ನೂ ಬಿಗಿ. ಹೊಸ ರಸ್ತೆ, ಹೊಸ ಯೋಜನೆಯ ಮಾತೆತ್ತುವಂತಿಲ್ಲ. ಗುಂಡಿ ಬಿದ್ದ ರಸ್ತೆಯ ಬಗ್ಗೆ ದೂರಬೇಕಾದರೆ ಶಾಸಕರ ಹೆಸರು ಬಿಟ್ಟು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಪಂಚಾಯಿತಿ ರಸ್ತೆಯೋ ಲೋಕೋಪಯೋಗಿ ಇಲಾಖೆಯದೋ ಎಂದು ಹೇಳಿ. ಅಧಿಕಾರಿ ಜಾರಿಕೊಳ್ಳುವುದು ಆಗ ಕಷ್ಟ. ಈ ನಿಯಮದಿಂದ ಚರ್ಚೆ ಸಪ್ಪೆಯಾಗುತ್ತದೆ ಎನ್ನುವುದು ನಿಜ. ಆದರೆ ಆಯಾ ಕಂತಿನ ಮೂಲ ವಿಷಯ ಹಾಳಾಗದೆ ಉಳಿಯುವುದೂ ಇದರಿಂದಲೇ.

ಈ ಬಗೆಯ ಕಾರ್ಯಕ್ರಮದ ದೊಡ್ಡ ಕೊರತೆ ಮುಂದುವರಿಕೆಯದು. ‘ಹದಿನೈದು ದಿನದಲ್ಲಿ ನೋಡುತ್ತೇವೆ’ ಎಂದವರನ್ನು ಮುಂದಿನ ಕಂತಿಗೆ ಕರೆದು ಕೇಳುವ ಪದ್ಧತಿ ಫೋನ್-ಇನ್ ಎಂಬ ಸ್ವರೂಪದಲ್ಲೇ ಇಲ್ಲ. ಅತಿಥಿ ಬದಲು, ವಿಷಯ ಬದಲು. ಭರವಸೆ ಸಿಕ್ಕವರು ದಿನಾಂಕ, ಕಾರ್ಯಕ್ರಮದ ಹೆಸರು, ಅಧಿಕಾರಿಯ ಹುದ್ದೆ ಬರೆದಿಟ್ಟುಕೊಂಡು, ಅದನ್ನೇ ಉಲ್ಲೇಖಿಸಿ ಇಲಾಖೆಗೆ ಲಿಖಿತ ಅರ್ಜಿ ಕೊಡಬೇಕು. ರೇಡಿಯೋದಲ್ಲಿ ಹೇಳಿದ ಮಾತು ಅರ್ಜಿಯ ಮೊದಲ ಸಾಲಿನಲ್ಲಿ ಬಂದರೆ ಕಡತಕ್ಕೆ ಸ್ವಲ್ಪ ಬಿಸಿ ತಟ್ಟುತ್ತದೆ.

ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆಯಲ್ಲೂ ಕಾರ್ಯಕ್ರಮಗಳಿವೆ. ಹಿರಿಯರ ಮಾತು, ಐನ್‌ಮನೆ (ಕುಟುಂಬದ ಮೂಲಮನೆ), ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ಕಟ್ಟುಪಾಡಿನ ಸಂದರ್ಶನಗಳು ಆ ಭಾಷೆಗಳಲ್ಲಿ ಬಂದಾಗ ಕನ್ನಡದಲ್ಲಿ ಬಂದಾಗಿಗಿಂತ ನಿರಾಳವಾಗಿರುತ್ತವೆ.

ಇನ್ನು ಕರೆ ಮಾಡುವ ಬಗೆ. ಲೈನ್ ಸಿಕ್ಕ ಕೂಡಲೇ ರೇಡಿಯೋ ಆಫ್ ಮಾಡಿ. ಸದ್ದು ಕಮ್ಮಿ ಮಾಡಿದರೆ ಸಾಲದು. ಫೋನಿನೊಳಗೆ ಹೊಕ್ಕ ರೇಡಿಯೋ ಸದ್ದು ಮತ್ತೆ ಪ್ರಸಾರವಾಗಿ ಕೂಗು ಹುಟ್ಟುತ್ತದೆ. ಆ್ಯಪ್‌ನಲ್ಲಿ ಕೇಳುವವರಿಗೆ ಇನ್ನೊಂದು ಎಡವಟ್ಟು: ಅಂತರ್ಜಾಲದ ಪ್ರಸಾರ ಹತ್ತಾರು ಸೆಕೆಂಡು ಹಿಂದಿರುತ್ತದೆ, ಅದನ್ನು ಕೇಳುತ್ತ ಮಾತಾಡಿದರೆ ನಿಮ್ಮ ಮಾತೇ ನಿಮಗೆ ಅಡ್ಡ ಬರುತ್ತದೆ. ಸ್ಪೀಕರ್ ಫೋನ್ ಬೇಡ. ಕೆಲವು ಕಂತುಗಳು ಮೊದಲೇ ಧ್ವನಿಮುದ್ರಣವಾಗಿರುತ್ತವೆ. ನಿರೂಪಕರು ‘ಈಗ ನೇರ ಪ್ರಸಾರದಲ್ಲಿದ್ದೇವೆ’ ಎನ್ನದಿದ್ದರೆ ಸುಮ್ಮನೆ ನಂಬರ್ ಒತ್ತುತ್ತ ಕೂರಬೇಡಿ.

ಕೊಡಗಿನಲ್ಲಿ ರೇಡಿಯೋ ಹಿಡಿಯುವುದೇ ಒಂದು ವಿದ್ಯೆ. ಎಫ್‌ಎಂ ತರಂಗ ಹೆಚ್ಚುಕಮ್ಮಿ ಕಣ್ಣಿನ ನೇರಕ್ಕೆ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ನೆರಳು. ಮಡಿಕೇರಿ ಕಡೆ ತೆರೆದುಕೊಂಡ ಇಳಿಜಾರಿನಲ್ಲಿ ಮಾಮೂಲಿ ರೇಡಿಯೋ ಸಾಕು. ಬೆಟ್ಟದ ಬೆನ್ನಿಗೆ, ಕಣಿವೆಯ ತಳಕ್ಕೆ ಇರುವ ಮನೆಗಳಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೂ ವ್ಯತ್ಯಾಸ. ಪಶ್ಚಿಮ, ದಕ್ಷಿಣ ಅಂಚಿನಲ್ಲಿ ಕಣ್ಣೂರು ಆಕಾಶವಾಣಿಯ 101.5, ಕೋಯಿಕ್ಕೋಡಿನ 103.6 ಇಣುಕುತ್ತವೆ. 103.6 ನಮ್ಮದಕ್ಕೆ ತೀರ ಹತ್ತಿರ. ಮುಳ್ಳು ತಿರುಗಿಸುವ ಅಗ್ಗದ ರೇಡಿಯೋಗಳಲ್ಲಿ ಎರಡೂ ಬೆರೆಯಬಹುದು. ಅಂಕಿ ತೋರಿಸುವ ಡಿಜಿಟಲ್ ಟ್ಯೂನಿಂಗ್ ಇರುವುದನ್ನೇ ಕೊಳ್ಳಿ.

ಆಂಟೆನಾ ಪೂರ್ತಿ ಎಳೆದರೆ ಒಳ್ಳೆಯದು ಎನ್ನುವುದು ಅರ್ಧ ಸತ್ಯ. 103.1ಕ್ಕೆ ಕಾಲು ತರಂಗದ ಉದ್ದ ಸುಮಾರು 73 ಸೆಂಟಿಮೀಟರ್. ಕಡ್ಡಿ ಅಷ್ಟಿದ್ದರೆ ಸಾಕು, ಆಮೇಲೆ ನೆಟ್ಟಗೆ, ಅಡ್ಡಕ್ಕೆ, ಓರೆಗೆ ತಿರುಗಿಸಿ ನೋಡಿ. ಶೀಟಿನ ಮಾಡು ತರಂಗವನ್ನು ತಡೆಯುತ್ತದೆ, ಹಂಚಿನ ಮಾಡು ಅಷ್ಟಾಗಿ ಇಲ್ಲ. ಲೈನ್‌ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ) ರೇಡಿಯೋವನ್ನು ಮಡಿಕೇರಿ ದಿಕ್ಕಿನ ಕಿಟಕಿಗೆ ಇಡಬೇಕು. ಸ್ಟೀರಿಯೋ–ಮೊನೋ ಸ್ವಿಚ್ ಇದ್ದರೆ ಮೊನೋಗೆ ಹಾಕಿ. ಮಾತಿನ ಕಾರ್ಯಕ್ರಮಕ್ಕೆ ಸ್ಟೀರಿಯೋದ ಅಗತ್ಯವೇ ಇಲ್ಲ, ಸುಂಯ್ಯೆನ್ನುವ ಸದ್ದು ಅರ್ಧ ಇಳಿಯುತ್ತದೆ. ಹೊರಗೆ ತಂತಿ ಕಟ್ಟಿದವರು ಏಪ್ರಿಲ್, ಮೇ ಗುಡುಗಿಗೆ ಮುಂಚೆ ಅದನ್ನು ಕಳಚಿಡಬೇಕು.

ಮಳೆ ಜೋರಾದರೆ ಸಿಗ್ನಲ್ ಕರಗುತ್ತದೆ ಎಂದು ಹಲವರ ನಂಬಿಕೆ. ಈ ತರಂಗಾಂತರಕ್ಕೆ ಮಳೆ ಹನಿ ಲೆಕ್ಕಕ್ಕೇ ಇಲ್ಲ. ಕೆಡುವುದು ಬೇರೆ ಕಡೆ: ಆಂಟೆನಾದ ಬುಡದ ಸ್ಕ್ರೂ ತುಕ್ಕು ಹಿಡಿಯುತ್ತದೆ, ವಾಲ್ಯೂಮ್ ಗುಂಡಿಯೊಳಗೆ ಬೂಷ್ಟು ಸೇರಿ ಕರಕರ ಎನ್ನುತ್ತದೆ, ಒದ್ದೆ ಕರೆಂಟ್ ಕಂಬದ ಇನ್ಸುಲೇಟರಿನಲ್ಲಿ ಕಿಡಿ ಹಾರಿ ಸದ್ದು ಬರುತ್ತದೆ. ಸ್ಕ್ರೂ ಬಿಗಿ ಮಾಡಿ, ವಾಲ್ಯೂಮ್ ಗುಂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಹತ್ತಾರು ಸಲ ತಿರುಗಿಸಿ. ಪಕ್ಕದಲ್ಲಿ ಅಗ್ಗದ ಎಲ್‌ಇಡಿ ಬಲ್ಬೋ ಇನ್ವರ್ಟರೋ ಇದ್ದರೆ ದೂರ ಸರಿಸಿ. ಬಳಸದ ದಿನಗಳಲ್ಲಿ ಸೆಲ್ ತೆಗೆದಿಡದಿದ್ದರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ.

ಮಳೆಗಾಲದಲ್ಲೇ ಇದರ ನಿಜವಾದ ಬೆಲೆ. ಕರೆಂಟ್ ಹೋಗಿ, ಟವರಿನ ಜನರೇಟರಿಗೆ ಡೀಸೆಲ್ ಮುಗಿದು, ಮೊಬೈಲ್ ಸುಮ್ಮನಾದ ಮೇಲೂ ಎರಡು ಸೆಲ್ಲಿನ ರೇಡಿಯೋ ಗಂಟೆಗಟ್ಟಲೆ ನಡೆಯುತ್ತದೆ. 2018ರ ಆಗಸ್ಟಿನ ಭೂಕುಸಿತ, 2019ರ ನೆರೆ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದದ್ದು – ಇವನ್ನು ಕಂಡ ಜಿಲ್ಲೆಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಲೆಗೆ ರಜೆಯ ವಿಷಯದಲ್ಲಂತೂ ವಾಟ್ಸಾಪ್‌ನಲ್ಲಿ ಹೋದ ವರ್ಷದ ಆದೇಶವೇ ತಿರುಗುತ್ತಿರುತ್ತದೆ. ಜಿಲ್ಲಾಧಿಕಾರಿಗಳ ಆದೇಶವನ್ನು ರೇಡಿಯೋದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಹಾರಂಗಿ ಜಲಾಶಯದ ನೀರಿನ ಮಟ್ಟ ಹೇಳುವಾಗ ಗರಿಷ್ಠ 2859 ಅಡಿ ಎನ್ನುವುದು ನೆನಪಿರಲಿ. ಕೆಳಗಿನವರಿಗೆ ಮಟ್ಟಕ್ಕಿಂತ ನದಿಗೆ ಬಿಡುತ್ತಿರುವ ಕ್ಯೂಸೆಕ್ಸ್ ಅಂಕಿಯೇ ಮುಖ್ಯ. ಆದರೆ ಮರ ಬಿದ್ದಿದೆ, ತಂತಿ ಕಡಿದಿದೆ ಎಂದು ಸ್ಟುಡಿಯೋಗೆ ಕರೆ ಮಾಡಬೇಡಿ. ವಿದ್ಯುತ್ತಿಗೆ 1912, ವಿಪತ್ತಿಗೆ 1077, ತುರ್ತಿಗೆ 112.

ಜಿಲ್ಲೆಯ ಹೊರಗಿರುವವರಿಗೆ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಇದೆ. 64 ಕೆಬಿಪಿಎಸ್‌ನ ಪ್ರಸಾರಕ್ಕೆ ಗಂಟೆಗೆ ಸುಮಾರು 30 ಎಂಬಿ ಡೇಟಾ ಹೋಗುತ್ತದೆ. ಮೊಬೈಲ್‌ನಲ್ಲೇ ಎಫ್‌ಎಂ ಇದ್ದರೆ ಡೇಟಾ ಬೇಡ, ಆದರೆ ತಂತಿಯ ಇಯರ್‌ಫೋನ್ ಬೇಕು. ಆ ತಂತಿಯೇ ಆಂಟೆನಾ, ಬ್ಲೂಟೂತ್ ಹಾಕಿದರೆ ಏನೂ ಹಿಡಿಯುವುದಿಲ್ಲ. ಇಂಥ ಕೆಲವು ಫೋನ್‌ಗಳಲ್ಲಿ ರೆಕಾರ್ಡ್ ಗುಂಡಿಯೂ ಇರುತ್ತದೆ. ಔಷಧದ ಅಳತೆ, ಅರ್ಜಿಯ ವಿವರ ಬರುವ ಕಂತುಗಳಿಗೆ ಅದನ್ನು ಶುರುವಿನಲ್ಲೇ ಒತ್ತಿಬಿಡಿ. ಅತಿಥಿ ಯಾರು, ಯಾವ ಇಲಾಖೆ ಎನ್ನುವುದನ್ನು ಮೊದಲ ನಿಮಿಷದಲ್ಲೇ ಹೇಳಿ ಮುಗಿಸಿರುತ್ತಾರೆ.