ಗೆಲಾಕ್ಸಿಗಳ ಬಲೆ ಕಟ್ಟಲು ನೊರೆಯೋ, ಹತ್ತಿಯೋ, ಬಲೂನೋ?

ಗೆಲಾಕ್ಸಿಗಳು ಬ್ರಹ್ಮಾಂಡದಲ್ಲಿ ಸಮನಾಗಿ ಹರಡಿಲ್ಲ; ಎಳೆ, ಗೋಡೆಗಳಾಗಿ ಬಲೆಯಂತೆ ಹೆಣೆದುಕೊಂಡಿವೆ, ನಡುವೆ ಬಹುತೇಕ ಖಾಲಿ ಇರುವ ‘ಶೂನ್ಯ’ಗಳಿವೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಂಥ ಕಾಲ್ಪನಿಕ ಬ್ರಹ್ಮಾಂಡದ ತುಂಡೊಂದನ್ನು ಕಟ್ಟುವುದಾದರೆ ಮೊದಲು ಅಳತೆ ಗಟ್ಟಿ ಮಾಡಿಕೊಳ್ಳಿ. ಸೆಂಟಿಮೀಟರಿಗೆ ಒಂದು ಕೋಟಿ ಜ್ಯೋತಿರ್ವರ್ಷ ಎಂದಿಟ್ಟರೆ, 2017ರಲ್ಲಿ ಪುಣೆಯ ಐಯುಕಾ, ಐಸರ್ ಸಂಸ್ಥೆಗಳ ವಿಜ್ಞಾನಿಗಳು ಗುರುತಿಸಿದ ಸರಸ್ವತಿ ಮಹಾಸಮೂಹ (ಗೆಲಾಕ್ಸಿ ಗುಚ್ಛಗಳ ದೊಡ್ಡ ಗುಂಪು) 60 ಸೆಂ.ಮೀ. ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತದೆ. ಬೂಟೀಸ್ ಎಂಬ ದೊಡ್ಡ ಶೂನ್ಯಕ್ಕೆ 33 ಸೆಂ.ಮೀ. ಬೇಕು. ನಮ್ಮ ಕ್ಷೀರಪಥವೋ, ಮಿಲಿಮೀಟರಿನ ಹತ್ತನೇ ಒಂದು ಪಾಲು; ನೆರೆಯ ಗೆಲಾಕ್ಸಿ ಆಂಡ್ರೊಮಿಡಾ ಎರಡೂವರೆ ಮಿ.ಮೀ. ಆಚೆ. ಗೆಲಾಕ್ಸಿಗೆಂದು ಸಾಸಿವೆ ಅಂಟಿಸಿದರೆ ಇವೆರಡೂ ಬಹುತೇಕ ಮೈಗೆ ಮೈ ತಾಗಿಸಿಕೊಂಡೇ ಕೂರುತ್ತವೆ. ಹಾಗಾಗಿ ಗೆಲಾಕ್ಸಿಗಳಿಗೆ ಜರಡಿ ಹಿಡಿದ ರಂಗೋಲಿ ಪುಡಿ ಸಾಕು.

ನೊರೆ ಅಗ್ಗ, ಐದು ನಿಮಿಷದ ಕೆಲಸ. ಒಂದು ಲೋಟ ನೀರು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಚಮಚ ಗ್ಲಿಸರಿನ್. ಗಾಜಿನ ತೊಟ್ಟಿಯಲ್ಲಿ ಸ್ಟ್ರಾದಿಂದ ಊದಿ. ಅಂಟುವಾಳ ಕಡೆದರೆ ಗುಳ್ಳೆ ತೀರಾ ಸಣ್ಣ, ಒಳಗಿನದು ಕಾಣುವುದಿಲ್ಲ. ಗುಳ್ಳೆಯೇ ಶೂನ್ಯ, ಪೊರೆಯೇ ಗೋಡೆ, ಮೂರು ಪೊರೆ ಸೇರುವ ಅಂಚು ಎಳೆ, ನಾಲ್ಕು ಅಂಚು ಕೂಡುವ ಮೂಲೆ ಗೆಲಾಕ್ಸಿ ಗುಚ್ಛ. ಇಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸದು. ಆದರೆ ನೀರು ಇಳಿದಂತೆ ಪೊರೆ ತೆಳುವಾಗಿ ಒಡೆಯುತ್ತದೆ, ಪುಡಿ ಉದುರಿಸಿದರೆ ಇನ್ನೂ ಬೇಗ. ಸಣ್ಣ ಗುಳ್ಳೆಯೊಳಗೆ ಒತ್ತಡ ಹೆಚ್ಚು, ಅದರ ಗಾಳಿ ಪಕ್ಕದ ದೊಡ್ಡದಕ್ಕೆ ಸೋರಿ ಅದು ಮಾಯವಾಗುತ್ತದೆ. ದಟ್ಟ ಪ್ರದೇಶದಲ್ಲಿ ಸಿಕ್ಕ ಸಣ್ಣ ಶೂನ್ಯಗಳೂ ಹಿಂಡಿಹೋಗುತ್ತವೆ ನಿಜ, ಆದರೆ ಅಲ್ಲಿ ಹಿಂಡುವುದು ಗುರುತ್ವ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳದಿದ್ದರೆ ತಪ್ಪು ಕಲಿಯುತ್ತಾರೆ.

ಹತ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಳೆ ಚೆಂದ, ಶೂನ್ಯವೇ ಇಲ್ಲ. ನೋಡಿದವರು ಮೋಡ ಎನ್ನುತ್ತಾರೆ. ಶಿರಸಿಯ ಮಳೆಗಾಲದಲ್ಲಿ ತೇವ ಹೀರಿ ರಾತ್ರೋರಾತ್ರಿ ಕುಸಿಯುತ್ತದೆ. ಮಾಡಲೇಬೇಕೆಂದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ತನ್ನಿ.

ನಮ್ಮ ಆಯ್ಕೆ ಬಲೂನು, ಏಕೆಂದರೆ ಇಲ್ಲಿ ಮೊದಲು ಖಾಲಿ ಜಾಗ ಬರುತ್ತದೆ, ಉಳಿದ ಸಂದಿಗೆ ಗೆಲಾಕ್ಸಿ. ತಂತಿಯ ಚೌಕಟ್ಟಿನೊಳಗೆ 10ರಿಂದ 25 ಸೆಂ.ಮೀ.ವರೆಗಿನ ಹತ್ತು-ಹನ್ನೆರಡು ಬಲೂನು ಒತ್ತೊತ್ತಾಗಿ ಕಟ್ಟಿ, ಮೇಲೆ ಟಾಲ್ಕಂ ಪೌಡರ್ ಸವರಿ. ಅಂಟಬಾರದೆಂದು ತೆಂಗಿನೆಣ್ಣೆ ಹಚ್ಚಬೇಡಿ, ಎಣ್ಣೆಗೆ ರಬ್ಬರ್ ಸೊರಗಿ ಬಲೂನು ನಡುವೆಯೇ ಒಡೆಯುತ್ತದೆ. ಫೆವಿಕಾಲ್, ನೀರು ಸಮಪಾಲು ಕಲಸಿ, ಬಿಳಿ ದಾರ ಅದ್ದಿ, ಮೂರು ಬಲೂನು ಕೂಡುವ ಸಂದಿಯಲ್ಲಿ ಮಾತ್ರ ಎಳೆಯಿರಿ. ತುದಿಗಳನ್ನು ತಂತಿಗೆ ಬಿಗಿಯಿರಿ. ಗೋಡೆ ಬೇಕಿದ್ದಲ್ಲಿ ಎರಡು ಬಲೂನಿನ ನಡುವೆ ಬ್ಯಾಂಡೇಜ್ ಬಟ್ಟೆ ಇಡಿ. 1989ರಲ್ಲಿ ಖಗೋಳ ವಿಜ್ಞಾನಿಗಳಾದ ಗೆಲ್ಲರ್, ಹುಕ್ರಾ ತೋರಿಸಿದ ಗೆಲಾಕ್ಸಿಗಳ ಮಹಾಗೋಡೆ ಈ ಅಳತೆಯಲ್ಲಿ 50 ಸೆಂ.ಮೀ. ಉದ್ದ, ದಪ್ಪ ಬರೀ ಒಂದೂವರೆ. ಹಸಿ ಇರುವಾಗಲೇ ಪುಡಿ ಉದುರಿಸಿ. ಮೈದಾ ಅಂಟು ಜೂನ್ ನಂತರ ಬೂಸ್ಟು ಹಿಡಿಯುತ್ತದೆ.

ಒಣಗಿಸುವುದು ನೆರಳಲ್ಲಿ, ಫ್ಯಾನ್ ಕೆಳಗೆ, ಒಂದು ದಿನ. ಕಾರವಾರದ ಬಿಸಿಲಿಗಿಟ್ಟರೆ ಬಲೂನು ಉಬ್ಬಿ ದಾರ ಜಗ್ಗುತ್ತದೆ, ಸಂಜೆ ಕುಗ್ಗಿದಾಗ ಜೋಲುತ್ತದೆ. ಬಲೂನನ್ನು ಟಪ್ಪೆಂದು ಒಡೆಯಬೇಡಿ. ಕತ್ತಿನ ಬಳಿ ಟೇಪ್ ಅಂಟಿಸಿ, ಅದರ ಮೇಲೆ ಸೂಜಿ ಚುಚ್ಚಿ, ಗಾಳಿ ಮೆಲ್ಲಗೆ ಇಳಿಯಲಿ. ಒಳಗೆ ನಾಲ್ಕಾರು ಕಣ ಉಳಿದರೆ ಒರೆಸಬೇಡಿ, ಬೂಟೀಸ್ ಶೂನ್ಯದಲ್ಲೂ ಗೆಲಾಕ್ಸಿಗಳಿವೆ.