ಸ್ಮೋಕ್ ಆನ್ ದ ವಾಟರ್, ನೆವರ್ ಬಿಫೋರ್: ಮೊದಲು ಯಾವುದನ್ನು ಕೇಳಬೇಕು?

1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೋ ಕ್ಯಾಸಿನೊ ಬೆಂಕಿಗೆ ಆಹುತಿಯಾದಾಗ, ಅಲ್ಲಿಯೇ ಧ್ವನಿಮುದ್ರಣ ಮಾಡಬೇಕೆಂದು ಬಂದಿದ್ದ ಬ್ರಿಟಿಷ್ ರಾಕ್ ತಂಡ ಡೀಪ್ ಪರ್ಪಲ್ ‘ಮೆಷೀನ್ ಹೆಡ್’ ಆಲ್ಬಮ್ಮಿನ ಬಹುಪಾಲನ್ನು ಗ್ರ್ಯಾಂಡ್ ಹೋಟೆಲಿನಲ್ಲಿ ಮುಗಿಸಿತು. ಆ ಬೆಂಕಿಯ ಕಥೆಯನ್ನೇ ಹೇಳುವ ‘ಸ್ಮೋಕ್ ಆನ್ ದ ವಾಟರ್’ ಇಂದು ಜಗತ್ಪ್ರಸಿದ್ಧವಾಗಿದೆ. ಆದರೆ 1972ರಲ್ಲಿ ತಂಡ ಭರವಸೆಯಿಟ್ಟು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ, ಹೊರತಂದದ್ದು ‘ನೆವರ್ ಬಿಫೋರ್’ ಹಾಡನ್ನು. ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 35ನೇ ಸ್ಥಾನವನ್ನು ದಾಟಲಿಲ್ಲ. ಮರುವರ್ಷ ಸಿಂಗಲ್ ಆದ ‘ಸ್ಮೋಕ್’ ಅಮೆರಿಕದಲ್ಲಿ 4ನೇ ಸ್ಥಾನಕ್ಕೇರಿತು.

‘ಸ್ಮೋಕ್’ನಲ್ಲಿ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಪಿಕ್ (ತಂತಿ ಮೀಟುವ ಬಿಲ್ಲೆ) ಇಲ್ಲದೆ, ಎರಡೆರಡು ತಂತಿಗಳನ್ನು ಬೆರಳಿನಿಂದಲೇ ಒಟ್ಟಿಗೆ ಮೀಟಿ ನುಡಿಸಿದ ರಿಫ್, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ, ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಗಿಟಾರ್ ಕಲಿಯುವವರು ನಿಸ್ಸಂದೇಹವಾಗಿ ಅದರಿಂದಲೇ ಆರಂಭಿಸಲಿ. ‘ನೆವರ್ ಬಿಫೋರ್’ ಫಂಕ್ ಲಯದಲ್ಲಿ ಶುರುವಾಗಿ, ನೇರವಾದ ರಾಕ್ ಓಟಕ್ಕೆ ಹೊರಳಿ, ನಡುವೆ ಮೃದುವಾದ ಭಾಗವೊಂದಕ್ಕೆ ಇಳಿಯುವುದರಿಂದ, ತಂಡದ ಗಾಯಕ ಇಯಾನ್ ಗಿಲ್ಲನ್ ಅವರ ಕಂಠದ ಬಗೆಗಳನ್ನು ನಾಲ್ಕೇ ನಿಮಿಷಗಳಲ್ಲಿ ತೋರಿಸುತ್ತದೆ. ಹಾಡುಗಾರಿಕೆಗಾಗಿ ರಾಕ್ ಕೇಳುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

‘ನೆವರ್ ಬಿಫೋರ್’ನ ಹಳೆಯ ಸಿಂಗಲ್ ತಟ್ಟೆ ಸಿಕ್ಕರಂತೂ ಯೋಚಿಸಬೇಕಾಗಿಲ್ಲ: ಮೂಲ ಆಲ್ಬಮ್ಮಿನಿಂದ ಹೊರಗುಳಿದ, ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಎಂಬ ನಿಧಾನಗತಿಯ ಅಪೂರ್ವ ಹಾಡು ಅದರ ಹಿಂಬದಿಯಲ್ಲಿದೆ.