ಲಿಟ್‌ಮನ್ ಕ್ಲಾಸಿಕ್ 3: ಉಸಿರಿನ ಸದ್ದು ಕೇಳಲು ಹೇಗಿದೆ?

ನಾನು ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಕೆಲವು ವರ್ಷಗಳಿಂದ ದಿನಾ ಈ ಸ್ಟೆತ್ (ಸ್ಟೆತಸ್ಕೋಪ್) ಬಳಸುತ್ತಿದ್ದೇನೆ. ಉಸಿರಿನ ಸದ್ದಿಗೆ ಇದು ಹೇಗೆ ಅನ್ನೋದನ್ನು ಮಾತ್ರ ಬರೆಯುತ್ತೇನೆ.

ಇದರ ಡಯಾಫ್ರಮ್ (ಮೈಗೆ ತಾಗಿಸುವ ತೆಳು ಪೊರೆ) ಮೆಲ್ಲಗೆ ಇಟ್ಟರೆ ತಗ್ಗಿನ ಸ್ಥಾಯಿಯ ಸದ್ದು, ಗಟ್ಟಿಯಾಗಿ ಒತ್ತಿದರೆ ಏರಿನ ಸ್ಥಾಯಿಯ ಸದ್ದು ಹಿಡಿಯುತ್ತದೆ. ಶ್ವಾಸಕೋಶಕ್ಕೆ ಗಟ್ಟಿಯಾಗಿಯೇ ಒತ್ತಬೇಕು. ಏನೂ ಕೇಳಿಸುತ್ತಿಲ್ಲ ಅನ್ನುವ ಹೊಸಬರು ಹೆಚ್ಚಾಗಿ ಸುಮ್ನೆ ತಾಗಿಸಿರುತ್ತಾರೆ, ಅಥವಾ ಇಯರ್‌ಟಿಪ್ ತಿರುಗುಮುರುಗಾಗಿ ಹಾಕಿರುತ್ತಾರೆ. ಅದು ಮೂಗಿನ ಕಡೆಗೆ ವಾಲಿರಬೇಕು.

ಆರೋಗ್ಯವಾದ ಶ್ವಾಸಕೋಶದಲ್ಲಿ ಕೇಳುವುದು ವೆಸಿಕ್ಯುಲರ್ ಸದ್ದು. ಮೆದುವಾಗಿರುತ್ತದೆ, ಉಸಿರು ಬಿಡುವಾಗ ಬೇಗ ಅಡಗುತ್ತದೆ. ಗಂಟಲ ಬುಡದಲ್ಲಿ ಶ್ವಾಸನಾಳದ ಮೇಲಿಟ್ಟರೆ ಜೋರಾದ, ಟೊಳ್ಳು ಸದ್ದು. ಅಲ್ಲಿ ಅದು ಸಹಜ. ಅಂಥದ್ದೇ ಬ್ರಾಂಕಿಯಲ್ ಸದ್ದು ಬೆನ್ನಿನ ಕೆಳಭಾಗದಲ್ಲಿ ಕೇಳಿದರೆ ನ್ಯುಮೋನಿಯಾ ಇರಬಹುದು.

ಕೊಟ್ಟ ದುಡ್ಡು ಸಾರ್ಥಕ ಅನ್ನಿಸುವುದು ಸಣ್ಣ ಕ್ರೆಪ್ಸ್ ಕೇಳುವಾಗ. ಕಿವಿ ಹತ್ತಿರ ಕೂದಲೆಳೆ ಉಜ್ಜಿದಂಥ ಸದ್ದು ಅದು, ಉಸಿರೆಳೆದು ಮುಗಿಯುವ ಹೊತ್ತಿಗೆ ಬರುತ್ತದೆ. ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ಶ್ವಾಸಕೋಶದ ಬುಡದಲ್ಲಿ ಮೊದಲು ಸಿಗುತ್ತದೆ. ಹಾಗಾಗಿ ರೋಗಿಯನ್ನು ಕೂರಿಸಿ ಬೆನ್ನಿಗಿಟ್ಟು ಕೇಳಿ. ಅಂಗಿ, ಎದೆಗೂದಲು ಉಜ್ಜಿದರೂ ಹೀಗೇ ಕೇಳುತ್ತದೆ. ಬಟ್ಟೆ ಸರಿಸಿ, ಕೂದಲನ್ನು ಸ್ವಲ್ಪ ಒದ್ದೆ ಮಾಡಿ. ಒಮ್ಮೆ ಕೆಮ್ಮಿಸಿ ಮತ್ತೆ ಕೇಳಿ. ಕಫದ ಗೊರಗೊರ ಆದರೆ ಕಮ್ಮಿಯಾಗುತ್ತದೆ ಅಥವಾ ಜಾಗ ಬದಲಿಸುತ್ತದೆ, ಸಣ್ಣ ಕ್ರೆಪ್ಸ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ವೀಜ್, ಅಂದರೆ ಉಸಿರಾಡುವಾಗ ಬರುವ ಸಿಳ್ಳೆಯಂಥ ಸದ್ದು, ಕೇಳಲು ಇಷ್ಟು ಒಳ್ಳೆಯ ಸ್ಟೆತ್ ಬೇಕಿಲ್ಲ. ಆದರೆ ಒಂದು ಮಾತು ದಯವಿಟ್ಟು ನೆನಪಿಡಿ. ಅಸ್ತಮಾ ರೋಗಿ ಇನ್ನೂ ಒದ್ದಾಡುತ್ತಿರುವಾಗ ವೀಜ್ ನಿಂತುಹೋದರೆ ಅದು ಗುಣವಾದ ಲಕ್ಷಣ ಅಲ್ಲ. ಒಳಗೆ ಗಾಳಿಯೇ ಸರಿಯಾಗಿ ಆಡುತ್ತಿಲ್ಲ. ತಕ್ಷಣ ಡಾಕ್ಟರನ್ನು ಕರೆಯಿರಿ. ಎಡ, ಬಲ ಎರಡನ್ನೂ ಒಂದೇ ಮಟ್ಟದಲ್ಲಿ ಹೋಲಿಸಿ ಕೇಳುವುದೂ ಅಷ್ಟೇ ಮುಖ್ಯ. ಒಂದು ಕಡೆ ಏರ್ ಎಂಟ್ರಿ (ಗಾಳಿ ಒಳಹೋಗುವ ಸದ್ದು) ಇಲ್ಲದಿದ್ದರೆ ಅಲ್ಲಿ ಶ್ವಾಸಕೋಶದ ಸುತ್ತ ನೀರೋ ಗಾಳಿಯೋ ತುಂಬಿರಬಹುದು.

ಮೈಗೆ ಇಡುವ ಬಿಲ್ಲೆಯ ಚಿಕ್ಕ ಬದಿ ಮಕ್ಕಳಿಗೆ ಮಾತ್ರವಲ್ಲ, ಪಕ್ಕೆಲುಬು ಎದ್ದು ಕಾಣುವ ವಯಸ್ಸಾದವರಿಗೂ ಚೆನ್ನಾಗಿ ಕೂರುತ್ತದೆ. ಸದ್ದನ್ನು ಹೆಚ್ಚಿಸುವ ಎಲೆಕ್ಟ್ರಾನಿಕ್ ಸೌಲಭ್ಯ ಇದರಲ್ಲಿಲ್ಲ. ಫ್ಯಾನ್, ಟಿವಿ ಆರಿಸಿಯೇ ಕೇಳಬೇಕು. ಬಿಪಿ ನೋಡಲಷ್ಟೇ ಬೇಕಿದ್ದರೆ ಇಷ್ಟು ಖರ್ಚು ಬೇಡ, ಸಾದಾ ಸ್ಟೆತ್ ಸಾಕು. ಶ್ವಾಸಕೋಶ ಕೇಳಲು ಕಲಿಯುವ ನರ್ಸಿಂಗ್, ಫಿಸಿಯೋ ವಿದ್ಯಾರ್ಥಿಗಳು ಧೈರ್ಯವಾಗಿ ಕೊಳ್ಳಬಹುದು. ಚರ್ಮದ ಎಣ್ಣೆಗೆ ಟ್ಯೂಬ್ ಗಟ್ಟಿಯಾಗುತ್ತದೆ, ಕಾಲರ್ ಮೇಲೆ ಹಾಕಿಕೊಳ್ಳಿ. ಸ್ಪಿರಿಟ್‌ನಲ್ಲಿ ಒರೆಸಿ, ಮುಳುಗಿಸಬೇಡಿ.